ತಂಗಿಯ ಇಬ್ಬರು ಮಕ್ಕಳು ನಮ್ಮ ಮನೆಗೆ ಬಂದಿದ್ದಾರೆ: ಅವರ ಪಾಲನೆಗೆ ಯಾವ ನೆರವು ಸಿಗುತ್ತದೆ, ಎಲ್ಲಿಂದ ಆರಂಭಿಸಬೇಕು?

ಭಾಂಡುಪ್‌ನ ಸೋದರಮಾವ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಕಾಯಿಲೆಯಿಂದ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಈ ಮಳೆಗಾಲದ ಆರಂಭದಲ್ಲಿ ಭಾವನವರೂ ಹೃದಯಾಘಾತದಿಂದ ಹೋದರು. ಅವರು ಅಂಬರನಾಥದ ಖಾಸಗಿ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದರು ಮತ್ತು ಬದ್ಲಾಪುರದಲ್ಲಿ ಅವರ ಹೆಸರಿನಲ್ಲಿ ಒಂದು ಸಣ್ಣ ಸ್ವಂತ ಖೋಲಿ ಇದೆ. ಮಕ್ಕಳಲ್ಲಿ ಹುಡುಗಿಗೆ ಹದಿಮೂರು ವರ್ಷ, ಹುಡುಗನಿಗೆ ಎಂಟು. ಇಬ್ಬರನ್ನೂ ನಾವು ಭಾಂಡುಪ್‌ನ ನಮ್ಮ ಮನೆಗೆ ಕರೆತಂದಿದ್ದೇವೆ.

ನಾನು ಹೋಟೆಲೊಂದರ ಗಲ್ಲಾದಲ್ಲಿ ಕುಳಿತು ದುಡಿಯುವವನು. ನನಗೂ ಒಬ್ಬ ಮಗನಿದ್ದಾನೆ. ಮಕ್ಕಳನ್ನು ಸಾಕುವ ವಿಷಯದಲ್ಲಿ ನನಗಾಗಲಿ ನನ್ನ ಹೆಂಡತಿಗಾಗಲಿ ಎರಡು ಮನಸ್ಸಿಲ್ಲ. ಆದರೆ ಮೂರು ಮಕ್ಕಳ ಶಾಲೆಯ ಶುಲ್ಕ, ಮನೆಬಾಡಿಗೆ, ಊರಿನಲ್ಲಿರುವ ತಾಯಿಯ ಔಷಧಿ ಇವೆಲ್ಲವೂ ನನ್ನ ಪಗಾರದಲ್ಲಿ ನಡೆಯುವುದು ಕಷ್ಟವಾಗಿದೆ. ಸರ್ಕಾರದಿಂದ ನೆರವಿದೆ ಎಂದು ಕೇಳಿದ್ದೇನೆ. ಅದಕ್ಕೆ ಯಾವುದೋ ಸಮಿತಿಯ ಮುಂದೆ ಮಕ್ಕಳನ್ನು ಹಾಜರುಪಡಿಸಬೇಕಂತೆ. ಹಾಗೆ ಮಾಡಿದರೆ ಮಕ್ಕಳನ್ನು ನಮ್ಮಿಂದ ತೆಗೆದುಕೊಂಡು ಬಾಲಗೃಹಕ್ಕೆ ಹಾಕುತ್ತಾರೆಯೇ ಎಂಬ ಭಯ ಮನೆಯವರಿಗಿದೆ. ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಥಾಣೆಯ ಸಮಾಜಕಾರ್ಯಕರ್ತೆ

ಮೊದಲು ಭಯದ ವಿಷಯ. ತಾವು ಹೇಳುತ್ತಿರುವುದು ಬಾಲ ಕಲ್ಯಾಣ ಸಮಿತಿ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಜಿಲ್ಲೆಗೊಂದಾದರೂ ಇರುವ ಈ ಸಮಿತಿಯಲ್ಲಿ ಒಬ್ಬರು ಅಧ್ಯಕ್ಷರು, ನಾಲ್ವರು ಸದಸ್ಯರು ಇರುತ್ತಾರೆ. ಮಗುವನ್ನು ನೋಡಿಕೊಳ್ಳುವ ಮೊದಲ ಹೊಣೆ ಕುಟುಂಬದ್ದು, ಸಂಸ್ಥೆಯಲ್ಲಿ ಇರಿಸುವುದು ಬೇರೆ ಯಾವ ದಾರಿಯೂ ಇಲ್ಲದಾಗ ಮಾತ್ರ ಎಂಬ ತತ್ವವನ್ನು ಆ ಕಾಯ್ದೆಯೇ ಬರೆದಿಟ್ಟಿದೆ. ಸೋದರಮಾವ ಪ್ರೀತಿಯಿಂದ ಸಾಕುತ್ತಿರುವಾಗ, ಮಕ್ಕಳೂ ಅಲ್ಲಿ ನೆಮ್ಮದಿಯಿಂದಿರುವಾಗ ಅವರನ್ನು ಕಿತ್ತುಕೊಂಡು ಹೋಗುವುದು ಸಮಿತಿಯ ಕೆಲಸವಲ್ಲ. ನಾನು ಈ ಕ್ಷೇತ್ರದಲ್ಲಿ ಕಂಡ ಮಟ್ಟಿಗೆ, ಕಾಗದವಿಲ್ಲದೆ ಸುಮ್ಮನೆ ಸಾಕಿದ ಮನೆಗಳಿಗೇ ಮುಂದೆ ತೊಂದರೆ ಹೆಚ್ಚು. ಶಾಲೆಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ "ನೀವು ಯಾರು?" ಎಂಬ ಪ್ರಶ್ನೆಗೆ ಅವರ ಬಳಿ ತೋರಿಸಲು ಏನೂ ಇರುವುದಿಲ್ಲ.

ಈಗ ನೆರವಿನ ವಿಷಯಕ್ಕೆ ಬರುತ್ತೇನೆ. ತಮ್ಮ ಪರಿಸ್ಥಿತಿಗೆ ಹತ್ತಿರವಾದವು ಎರಡು ಯೋಜನೆಗಳು.

ಒಂದು, ಮಹಾರಾಷ್ಟ್ರ ಸರ್ಕಾರದ ಬಾಲ ಸಂಗೋಪನ ಯೋಜನೆ. ಈಗ ಅದಕ್ಕೆ ಕ್ರಾಂತಿಜ್ಯೋತಿ ಸಾವಿತ್ರಿಬಾಯಿ ಫುಲೆ ಅವರ ಹೆಸರನ್ನು ಇಟ್ಟಿದ್ದಾರೆ. ಹದಿನೆಂಟು ವರ್ಷದವರೆಗಿನ, ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳು, ತಂದೆ ಅಥವಾ ತಾಯಿ ಒಬ್ಬರೇ ಇರುವ ಮಕ್ಕಳು, ತಂದೆತಾಯಿ ಗಂಭೀರ ಕಾಯಿಲೆಯಲ್ಲಿರುವ ಅಥವಾ ಬೇರ್ಪಟ್ಟಿರುವ ಮನೆಯ ಮಕ್ಕಳು ಇದರಲ್ಲಿ ಬರುತ್ತಾರೆ. ಹಿಂದೆ ಮಗುವಿಗೆ ತಿಂಗಳಿಗೆ 1100 ರೂಪಾಯಿ ಇದ್ದುದು 2023ರಲ್ಲಿ 2250 ರೂಪಾಯಿಗೆ ಏರಿತು.

ಇನ್ನೊಂದು, ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಅಡಿಯಲ್ಲಿ ಬರುವ ಪ್ರಾಯೋಜಕತ್ವ ನೆರವು, ಅಂದರೆ ಕಚೇರಿಗಳಲ್ಲಿ ಎಲ್ಲರೂ ಸ್ಪಾನ್ಸರ್‌ಶಿಪ್ ಎಂದು ಕರೆಯುವುದು. ಅನಾಥರಾಗಿ ಬಂಧುಗಳ ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳನ್ನು ಇದರ ಮಾರ್ಗಸೂಚಿ ಸ್ಪಷ್ಟವಾಗಿ ಹೆಸರಿಸುತ್ತದೆ. ಮೊತ್ತ ಮಗುವಿಗೆ ತಿಂಗಳಿಗೆ 4000 ರೂಪಾಯಿ. ಆದರೆ ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಭಾಗದಲ್ಲಿ 72,000, ಉಳಿದೆಡೆ 96,000 ರೂಪಾಯಿ ಮೀರಿರಬಾರದು. ಮುಂಬಯಿಯಲ್ಲಿ ತಿಂಗಳಿಗೆ ಎಂಟು ಸಾವಿರದಲ್ಲಿ ಯಾವ ಸಂಸಾರ ನಡೆಯುತ್ತದೆ? ಈ ಮಿತಿ ನಗರದ ಬಾಡಿಗೆಯನ್ನು ನೋಡಿ ಇಟ್ಟದ್ದಲ್ಲ ಎಂದು ನನಗೆ ಖಂಡಿತವಾಗಿ ಅನಿಸುತ್ತದೆ, ಮತ್ತು ದುಡಿದು ಬಂಧುಗಳ ಮಕ್ಕಳನ್ನು ಸಾಕುವ ಮನೆಗಳೇ ಇದರಿಂದ ಹೊರಗುಳಿಯುತ್ತಿರುವುದು ನೋವಿನ ಸಂಗತಿ. ಆದ್ದರಿಂದ ತಮ್ಮಂಥ ಪಗಾರದಾರರಿಗೆ ಬಾಲ ಸಂಗೋಪನವೇ ಹೆಚ್ಚು ಹೊಂದುವ ದಾರಿ. ಯಾವುದಕ್ಕೆ ಅರ್ಜಿ ಹಾಕಬೇಕೆಂಬುದನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರ ಮುಂದೆ ಕುಳಿತು ನಿರ್ಧರಿಸಿರಿ.

ಭಾಂಡುಪ್ ಮುಂಬಯಿ ಉಪನಗರ ಜಿಲ್ಲೆಗೆ ಸೇರಿದ್ದು. ಮಕ್ಕಳು ಮೊದಲು ಬದ್ಲಾಪುರದಲ್ಲಿದ್ದರೆಂದು ಥಾಣೆ ಜಿಲ್ಲೆಯ ಕಚೇರಿಗೆ ಅಲೆಯಬೇಡಿರಿ. ಮಗು ಈಗ ವಾಸಿಸುವ ಜಿಲ್ಲೆಯಲ್ಲೇ ಕೆಲಸ ಆಗಬೇಕು. ತಂದೆತಾಯಿಯ ಮರಣ ಪ್ರಮಾಣಪತ್ರಗಳು, ಮಕ್ಕಳ ಜನನ ಪ್ರಮಾಣಪತ್ರ ಮತ್ತು ಆಧಾರ್, ಶಾಲೆಯ ಬೋನಫೈಡ್ (ಮಗು ಅಲ್ಲಿ ಓದುತ್ತಿದೆ ಎಂಬ ದೃಢೀಕರಣ ಪತ್ರ), ತಹಶೀಲ್ದಾರರ ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಇವು ಬೇಕು. ಇವಲ್ಲದೆ ಮನೆಯ ಬಾಗಿಲ ಮುಂದೆ ತಾವೂ ಮಕ್ಕಳೂ ಒಟ್ಟಿಗೆ ನಿಂತಿರುವ ಒಂದು ಫೋಟೋ ಕೂಡ ಕೇಳುತ್ತಾರೆ. ಅದನ್ನು ಮರೆತು ಹೋದವರು ಮನೆಗೆ ವಾಪಸು ಬಂದು ತೆಗೆಸಿಕೊಂಡು ಹೋಗುವುದನ್ನು ನಾನು ಆಗಾಗ ನೋಡುತ್ತೇನೆ. ಬಳಿಕ ಗೃಹಭೇಟಿ ಇರುತ್ತದೆ, ಸಾಮಾಜಿಕ ತನಿಖಾ ವರದಿ ತಯಾರಾಗುತ್ತದೆ, ಸಮಿತಿಯ ಆದೇಶ ಹೊರಬೀಳುತ್ತದೆ.

ಮಾಟುಂಗಾದ ಹಿರಿಯ ಓದುಗ

ಈ ಚರ್ಚೆಯನ್ನು ಓದಿ ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಯಿತು. ಊರಿನಿಂದ ಬರಿಗೈಯಲ್ಲಿ ಬಂದ ಹುಡುಗರನ್ನು ಈ ನಗರದ ಕನ್ನಡಿಗರ ಮನೆಗಳು ಸಾಕಿ, ಹಗಲು ಹೋಟೆಲಿನಲ್ಲಿ ದುಡಿಸಿದರೂ ಸಂಜೆ ರಾತ್ರಿಶಾಲೆಗೆ ಕಳುಹಿಸಿ ದೊಡ್ಡವರನ್ನಾಗಿ ಮಾಡಿವೆ. ತಂಗಿಯ ಮಕ್ಕಳನ್ನು ಸಮಿತಿಯ ಮುಂದೆ ಅನಾಥರೆಂದು ನಿಲ್ಲಿಸಬೇಕೇ? ನಮ್ಮ ಜಾತಿಸಂಘಗಳಿವೆ, ಊರಿನ ಸಂಘಗಳಿವೆ, ವಿದ್ಯಾರ್ಥಿವೇತನಗಳಿವೆ. ಸರ್ಕಾರದ ಎರಡು ಸಾವಿರಕ್ಕಾಗಿ ಮಕ್ಕಳ ಮನಸ್ಸಿನಲ್ಲಿ ನಾವು ಬೇರೆಯವರು ಎಂಬ ಭಾವನೆ ಹುಟ್ಟಿಸುವುದು ಸರಿಯೇ ಎಂದು ಯೋಚಿಸಿರಿ. ಯಾರನ್ನೂ ನೋಯಿಸಲು ಹೇಳುತ್ತಿಲ್ಲ.

ಚಿಕ್ಕಮ್ಮನ ಮನೆಯಲ್ಲಿ ಬೆಳೆದವಳು, ಮುಲುಂಡ್

ಹಿರಿಯರ ಮೇಲೆ ಗೌರವವಿಟ್ಟುಕೊಂಡೇ ಬರೆಯುತ್ತೇನೆ. ನಾನು ಚಿಕ್ಕಮ್ಮ ಚಿಕ್ಕಪ್ಪನ ಮನೆಯಲ್ಲಿ ಬೆಳೆದೆ. ಅವರು ನನಗೂ ಅವರ ಮಕ್ಕಳಿಗೂ ಊಟದಲ್ಲಾಗಲಿ ಬಟ್ಟೆಯಲ್ಲಾಗಲಿ ಒಂದು ಕೂದಲೆಳೆಯ ಭೇದ ಮಾಡಲಿಲ್ಲ. ಆದರೂ ಜೂನ್ ತಿಂಗಳು ಬಂತೆಂದರೆ ಚಿಕ್ಕಮ್ಮನ ಎಡಗೈಯ ಬಳೆ ಕಾಣೆಯಾಗುತ್ತಿತ್ತು, ದೀಪಾವಳಿಯ ಬೋನಸ್ ಬಂದ ಮೇಲೆ ಮತ್ತೆ ಕಾಣಿಸುತ್ತಿತ್ತು. ಅದು ಎಲ್ಲಿಗೆ ಹೋಗಿ ಬರುತ್ತಿತ್ತೆಂಬುದು ನನಗೆ ಗೊತ್ತಿತ್ತು. ನನ್ನ ಹೆಸರಿನಲ್ಲಿ ನನ್ನದೇ ಎಂದು ತಿಂಗಳಿಗೆ ಸ್ವಲ್ಪ ಹಣ ಬರುತ್ತಿದ್ದರೆ ಶಾಲೆಯ ಪ್ರವಾಸದ ಚೀಟಿಯನ್ನು ಚೀಲದಲ್ಲೇ ಮುಚ್ಚಿಟ್ಟುಕೊಳ್ಳುವ ಅಭ್ಯಾಸ ನನಗೆ ಬರುತ್ತಿರಲಿಲ್ಲ. ಮಕ್ಕಳಿಗೆ ಬೇರೆಯವರು ಎಂಬ ಭಾವನೆ ಸಮಿತಿಯ ಕಚೇರಿಯಲ್ಲಿ ಹುಟ್ಟುವುದಿಲ್ಲ. ತಮ್ಮಿಂದ ಮನೆಯವರಿಗೆ ಭಾರವಾಗುತ್ತಿದೆ ಎಂದು ತಿಳಿದ ದಿನ ಹುಟ್ಟುತ್ತದೆ.

ಇನ್ನೊಂದು ಸಂಗತಿಯನ್ನು ಭಾಂಡುಪ್‌ನ ಅಣ್ಣ ಗಮನಿಸಬೇಕು. ಮಹಾರಾಷ್ಟ್ರದಲ್ಲಿ 2018ರಿಂದ ಅನಾಥ ಮಕ್ಕಳಿಗೆ ಶಿಕ್ಷಣದಲ್ಲಿಯೂ ಸರ್ಕಾರಿ ನೌಕರಿಯಲ್ಲಿಯೂ 1 ಪ್ರತಿಶತ ಮೀಸಲಾತಿ ಇದೆ. ಸಂಸ್ಥೆಗಳಲ್ಲಿ ಬೆಳೆದವರಷ್ಟೇ ಅಲ್ಲದೆ, ತಂದೆತಾಯಿ ಇಬ್ಬರನ್ನೂ ಕಳೆದುಕೊಂಡು ಬಂಧುಗಳ ಮನೆಯಲ್ಲಿ ಬೆಳೆದವರನ್ನೂ ನಂತರದ ಆದೇಶಗಳು ಸೇರಿಸಿಕೊಂಡವು. ಅದಕ್ಕೆ ಮಹಿಳಾ ಮತ್ತು ಬಾಲ ವಿಕಾಸ ಇಲಾಖೆಯಿಂದ ಅನಾಥ ಪ್ರಮಾಣಪತ್ರ ಬೇಕು. ಹುಡುಗಿಗೆ ಈಗ ಹದಿಮೂರು. ಹನ್ನೆರಡನೆಯ ತರಗತಿಯ ಪ್ರವೇಶದ ಗಡಿಬಿಡಿಯಲ್ಲಿ ಓಡಾಡುವುದಕ್ಕಿಂತ, ಮರಣ ಪ್ರಮಾಣಪತ್ರಗಳೆಲ್ಲ ಕೈಯಲ್ಲಿರುವ ಈಗಲೇ ಆ ಅರ್ಜಿಯನ್ನೂ ಹಾಕಿಬಿಡುವುದು ಮೇಲು.

ಪುಣೆಯ ನಿವೃತ್ತ ಸಿಬ್ಬಂದಿ ಅಧಿಕಾರಿ

ಎಲ್ಲರೂ ಯೋಜನೆಗಳ ಬಗ್ಗೆ ಬರೆಯುತ್ತಿದ್ದೀರಿ. ಅದಕ್ಕಿಂತ ಮೊದಲು ಮಕ್ಕಳ ತಂದೆಯೇ ದುಡಿದಿಟ್ಟ ಹಣದ ವಿಚಾರ ಆಗಲಿ. ಭಾವನವರು ಕೆಲಸದಲ್ಲಿರುವಾಗಲೇ ತೀರಿಕೊಂಡಿದ್ದಾರೆ. ಕಾರ್ಖಾನೆಯಲ್ಲಿ ಭವಿಷ್ಯನಿಧಿ (ಪಿ.ಎಫ್.) ಕಡಿತವಾಗುತ್ತಿತ್ತೇ ಎಂಬುದನ್ನು ಅವರ ಪಗಾರ ಚೀಟಿಯಲ್ಲಿ ನೋಡಿರಿ. ಕಡಿತವಾಗುತ್ತಿದ್ದರೆ ಮೂರು ಹಕ್ಕುಗಳಿವೆ.

ಖಾತೆಯಲ್ಲಿರುವ ಪಿ.ಎಫ್. ಮೊತ್ತ ಮೊದಲನೆಯದು. ನಾಮನಿರ್ದೇಶನ ತಮ್ಮ ತಂಗಿಯ ಹೆಸರಿನಲ್ಲೇ ಉಳಿದಿದ್ದರೂ ಗಾಬರಿಯಾಗಬೇಡಿರಿ. ನಾಮನಿರ್ದೇಶಿತರೇ ಇಲ್ಲದಿರುವಾಗ ಆ ಹಣ ಕುಟುಂಬಕ್ಕೆ, ಇಲ್ಲಿ ಮಕ್ಕಳಿಬ್ಬರಿಗೆ, ಸಮಪಾಲಾಗಿ ಹೋಗುತ್ತದೆ. ಎರಡನೆಯದು ವಿಮೆ. ಇ.ಡಿ.ಎಲ್.ಐ. ಎಂದು ಕರೆಯುವ ಈ ವಿಮೆಗೆ ನೌಕರ ಒಂದು ಪೈಸೆಯನ್ನೂ ಕಟ್ಟಿರುವುದಿಲ್ಲ, ಕಂಪನಿಯೇ ಕಟ್ಟುತ್ತದೆ; ಹಾಗಾಗಿ ಮನೆಯವರಿಗೆ ಅದು ಇದೆಯೆಂದೇ ತಿಳಿದಿರುವುದಿಲ್ಲ. ಅದರ ಗರಿಷ್ಠ ಮೊತ್ತ 7 ಲಕ್ಷ ರೂಪಾಯಿ. ಮೂರನೆಯದು ಮಕ್ಕಳ ಮಟ್ಟಿಗೆ ಬಹಳ ಮುಖ್ಯವಾದದ್ದು: 1995ರ ಪಿಂಚಣಿ ಯೋಜನೆಯ ಅನಾಥ ಪಿಂಚಣಿ. ವಿಧವೆಗೆ ಸಲ್ಲಬೇಕಾಗಿದ್ದ ಪಿಂಚಣಿಯ 75 ಪ್ರತಿಶತ ಒಂದೊಂದು ಮಗುವಿಗೂ, ಏಕಕಾಲಕ್ಕೆ ಇಬ್ಬರು ಮಕ್ಕಳವರೆಗೆ, 25 ವರ್ಷ ವಯಸ್ಸಾಗುವವರೆಗೆ ಸಿಗುತ್ತದೆ. ಕನಿಷ್ಠ ಮೊತ್ತ ತಿಂಗಳಿಗೆ 750 ರೂಪಾಯಿ. ಸೇವೆಯಲ್ಲಿರುವಾಗ ತೀರಿಕೊಂಡ ಸದಸ್ಯ ಒಂದೇ ತಿಂಗಳ ವಂತಿಗೆ ಕಟ್ಟಿದ್ದರೂ ಕುಟುಂಬಕ್ಕೆ ಈ ಹಕ್ಕು ಬರುತ್ತದೆ. ಪಿಂಚಣಿಗೆ 10-ಡಿ, ಪಿ.ಎಫ್.ಗೆ 20, ವಿಮೆಗೆ 5-ಐ.ಎಫ್. ನಮೂನೆಗಳು. ಕಾರ್ಖಾನೆಯ ಸಿಬ್ಬಂದಿ ವಿಭಾಗದವರ ಸಹಿ ಬೇಕಾಗುತ್ತದೆ, ಆದ್ದರಿಂದ ಅವರೊಂದಿಗೆ ಜಗಳಕ್ಕೆ ಹೋಗದೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಗ್ರ್ಯಾಚ್ಯುಟಿ, ಅಂದರೆ ಸಲ್ಲಿಸಿದ ಸೇವೆಗಾಗಿ ಕಂಪನಿ ಕೊಡಬೇಕಾದ ಇಡಿಗಂಟು, ಬೇರೆಯೇ ಇದೆ. ಐದು ವರ್ಷದ ಸೇವೆ ಆಗಿರಬೇಕೆಂಬ ಷರತ್ತು ಮರಣದ ಸಂದರ್ಭಕ್ಕೆ ಅನ್ವಯಿಸುವುದಿಲ್ಲ. "ಅವರದು ನಾಲ್ಕೇ ವರ್ಷವಾಗಿತ್ತು" ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಅಪ್ರಾಪ್ತ ಮಕ್ಕಳ ಪಾಲನ್ನು ಗ್ರ್ಯಾಚ್ಯುಟಿಯ ಉಸ್ತುವಾರಿ ನೋಡುವ ಸರ್ಕಾರಿ ಪ್ರಾಧಿಕಾರದಲ್ಲಿ ಠೇವಣಿ ಇರಿಸಿ, ಅವರು ವಯಸ್ಕರಾಗುವವರೆಗೆ ಬ್ಯಾಂಕಿನಲ್ಲಿ ತೊಡಗಿಸುವ ವ್ಯವಸ್ಥೆ ಕಾನೂನಿನಲ್ಲಿದೆ. ಕೂಡಲೇ ಕೈಗೆ ಬರಲಿಲ್ಲವೆಂದು ಬೇಸರವಾದರೂ ಮಕ್ಕಳ ದೃಷ್ಟಿಯಿಂದ ಅದು ಒಳ್ಳೆಯದೇ.

ಮಕ್ಕಳಿಬ್ಬರ ಹೆಸರಿನಲ್ಲಿ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ಬಂದ ಹಣ ನೇರವಾಗಿ ಅಲ್ಲಿಗೇ ಬೀಳುವಂತೆ ಮಾಡಿರಿ. ತಂದೆಯ ಕಡೆಯ ಬಂಧುಗಳು ನಾಳೆ ಲೆಕ್ಕ ಕೇಳಿದರೆ ಪಾಸ್‌ಬುಕ್ ತೋರಿಸಿದರೆ ಸಾಕು.

ಪಿಂಪ್ರಿಯ ದೊಡ್ಡಮ್ಮ

ಇದೇ ಚರ್ಚೆಯಲ್ಲಿ ನನ್ನದೂ ಒಂದು ಪ್ರಶ್ನೆ. ತೀರಿಕೊಂಡ ನನ್ನ ತಂಗಿಯ ಮಗ ನಮ್ಮ ಬಳಿ ಇದ್ದಾನೆ, ಐದು ವರ್ಷ. ಆದರೆ ಅವನ ತಂದೆ ಬದುಕಿದ್ದಾರೆ. ಬೇರೆ ಸಂಸಾರ ಮಾಡಿಕೊಂಡಿದ್ದಾರೆ, ಮಗುವಿನ ಕಡೆ ತಿರುಗಿಯೂ ನೋಡುವುದಿಲ್ಲ. ಹಾಗಾದರೆ ನಮಗೆ ಯಾವ ನೆರವೂ ಇಲ್ಲವೇ?

ಶಿವಾಜಿನಗರದ ವಕೀಲೆ

ಪಿಂಪ್ರಿಯವರೇ, ಮಗು ಅನಾಥನಲ್ಲದಿದ್ದರೂ ಬಾಲ ಸಂಗೋಪನ ಯೋಜನೆಯ ಬಾಗಿಲು ಮುಚ್ಚಿಲ್ಲ. ತಂದೆ ಅಥವಾ ತಾಯಿ ಒಬ್ಬರೇ ಇರುವ ಮಕ್ಕಳೂ ಅದರಲ್ಲಿ ಬರುತ್ತಾರೆಂದು ಮೇಲೆಯೇ ಹೇಳಲಾಗಿದೆ. ಅದರೊಂದಿಗೆ ತಂದೆಯ ಹೊಣೆಯನ್ನು ಬಿಟ್ಟುಕೊಡಬೇಡಿರಿ. ಅಪ್ರಾಪ್ತ ಮಗುವಿಗೆ ತಂದೆಯಿಂದ ಜೀವನಾಂಶ ಕೇಳುವ ಹಕ್ಕು ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನಲ್ಲಿತ್ತು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಲ್ಲಿದೆ. ವಕೀಲರ ಶುಲ್ಕಕ್ಕೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಮಗುವಿಗೆ ಐದು ವರ್ಷವಾಗಿರುವುದರಿಂದ ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಮೀಸಲಿಟ್ಟ 25 ಪ್ರತಿಶತ ಸೀಟಿಗೂ ಪ್ರಯತ್ನಿಸಿರಿ. ಅದು ಶಾಲೆಯ ಆರಂಭದ ತರಗತಿಗೆ ಮಾತ್ರ ಸಿಗುವ ಅವಕಾಶ, ಮುಂದಿನ ವರ್ಷಕ್ಕೆ ಎಂದು ಬಿಟ್ಟರೆ ಹೋಯಿತು.

ಭಾಂಡುಪ್‌ನವರಿಗೆ: ತಾವು ಸದ್ಯಕ್ಕೆ ಮಕ್ಕಳನ್ನು ವಾಸ್ತವದಲ್ಲಿ ನೋಡಿಕೊಳ್ಳುತ್ತಿರುವವರು, ಕಾನೂನುಬದ್ಧ ಪಾಲಕರಲ್ಲ. 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯ 11ನೆಯ ಕಲಮು, ಕೇವಲ ಸಾಕುತ್ತಿರುವ ಆಧಾರದ ಮೇಲೆ ಅಪ್ರಾಪ್ತರ ಆಸ್ತಿಯನ್ನು ಮಾರಲು ಅಥವಾ ವ್ಯವಹರಿಸಲು ಯಾರಿಗೂ ಅಧಿಕಾರ ಕೊಡುವುದಿಲ್ಲ. ಆದ್ದರಿಂದ ಬದ್ಲಾಪುರದ ಖೋಲಿಯನ್ನು, ಮಕ್ಕಳ ಶುಲ್ಕಕ್ಕಾಗಿಯೇ ಆದರೂ, ಯಾರ ಮಾತು ಕೇಳಿಯೂ ಮಾರಬೇಡಿರಿ. 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಡಿ ನ್ಯಾಯಾಲಯದಿಂದ ಪಾಲಕರಾಗಿ ನೇಮಕ ಪಡೆದುಕೊಂಡರೆ, ನ್ಯಾಯಾಲಯದ ಅನುಮತಿಯೊಂದಿಗೆ ಅದನ್ನು ಬಾಡಿಗೆಗೆ ಕೊಟ್ಟು ಬಂದ ಹಣವನ್ನು ಮಕ್ಕಳಿಗಾಗಿ ಬಳಸುವ ದಾರಿ ತೆರೆಯುತ್ತದೆ. ಹುಡುಗಿಯ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ಮೊದಲೇ ಇದ್ದರೆ ಅದನ್ನು ಮುಂದುವರಿಸಲೂ ಕಾನೂನುಬದ್ಧ ಪಾಲಕರೇ ಬೇಕು.

ದತ್ತು ತೆಗೆದುಕೊಳ್ಳಿ ಎಂದು ಅನೇಕರು ಸಲಹೆ ಕೊಡುತ್ತಾರೆ. ತಮಗೆ ಮಗನಿರುವುದರಿಂದ ಹಿಂದೂ ದತ್ತಕ ಕಾಯ್ದೆಯ ಪ್ರಕಾರ ಇನ್ನೊಬ್ಬ ಹುಡುಗನನ್ನು ದತ್ತು ಪಡೆಯಲು ಬರುವುದಿಲ್ಲ. ಬಾಲನ್ಯಾಯ ಕಾಯ್ದೆಯಲ್ಲಿ ಬಂಧುಗಳ ದತ್ತುವಿಗೆ ಅವಕಾಶವಿದೆ, ಸೋದರಮಾವನೂ ಆ ವ್ಯಾಖ್ಯೆಯಲ್ಲಿ ಬರುತ್ತಾನೆ. ಆದರೆ ದತ್ತು ಆದ ಮೇಲೆ ಕಾನೂನಿನ ಕಣ್ಣಿಗೆ ಅವರು ತಮ್ಮ ಮಕ್ಕಳೇ ಆಗುವುದರಿಂದ, ಅನಾಥರಿಗೆಂದೇ ಇರುವ ನೆರವಿನ ಅರ್ಹತೆ ಬದಲಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಈಗ ಪಾಲಕತ್ವ ಸಾಕು. ದತ್ತುವಿನ ಮಾತನ್ನು ಮಕ್ಕಳು ತಂದೆಯ ಸಾವಿನ ದುಃಖದಿಂದ ಸ್ವಲ್ಪ ಹೊರಬಂದ ಮೇಲೆ ಅವರನ್ನೂ ಕೇಳಿಕೊಂಡು ಆಡಬಹುದು.

ವಾಸ್ಕೋದ ಬಾಗಲಕೋಟೆಯವರು

ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಕಡೆಯ ಜನರ ಪಾಡು ಇದಕ್ಕಿಂತ ಬೇರೆ. ಮಗ ಸೊಸೆ ಇಬ್ಬರೂ ಇಲ್ಲದೆ ಅಜ್ಜಿಯೊಬ್ಬರೇ ಮೊಮ್ಮಗಳನ್ನು ಸಾಕುತ್ತಿರುವ ಮನೆಯೊಂದು ನಮ್ಮ ಓಣಿಯಲ್ಲಿದೆ. ಗೋವಾ ಸರ್ಕಾರದ ದಯಾನಂದ ಸಾಮಾಜಿಕ ಭದ್ರತಾ ಯೋಜನೆಯಲ್ಲಿ ಹಿರಿಯರಿಗೆ ತಿಂಗಳಿಗೆ 2000 ರೂಪಾಯಿ ಬರುತ್ತದೆ, ಆದರೆ ಅದಕ್ಕೆ ಗೋವಾದಲ್ಲಿ 15 ವರ್ಷದ ವಾಸ್ತವ್ಯ ತೋರಿಸಬೇಕು. ವರ್ಷಕ್ಕೆ ಮೂರು ತಿಂಗಳು ಊರಿಗೆ ಹೋಗಿ ಬರುವವರ ಬಳಿ ಅಂಥ ದಾಖಲೆ ಎಲ್ಲಿರುತ್ತದೆ? ಮಗುವಿನ ಆಧಾರ್ ಊರಿನದು, ಶಾಲೆ ಇಲ್ಲಿಯದು. ಇಂಥವರು ಎಲ್ಲಿ ಅರ್ಜಿ ಹಾಕಬೇಕು?

ಥಾಣೆಯ ಸಮಾಜಕಾರ್ಯಕರ್ತೆ

ಅಜ್ಜಿಯ ಪಿಂಚಣಿಗೆ ವಾಸ್ತವ್ಯದ ಷರತ್ತು ಇದೆ, ನಿಜ. ಆದರೆ ಮಿಷನ್ ವಾತ್ಸಲ್ಯ ಕೇಂದ್ರದ ಯೋಜನೆ, ಗೋವಾದಲ್ಲಿಯೂ ಇದೆ, ಕರ್ನಾಟಕದಲ್ಲಿಯೂ ಇದೆ. ಅಜ್ಜಿಯ ಆದಾಯ ಆ ಮಿತಿಯೊಳಗೇ ಇರುತ್ತದೆ, ಹಾಗಾಗಿ ತಿಂಗಳಿಗೆ 4000 ರೂಪಾಯಿಗೆ ಅವರ ಮೊಮ್ಮಗಳು ಅರ್ಹಳೇ. ಮಗು ಶಾಲೆಗೆ ಹೋಗುತ್ತಿರುವುದು ಗೋವಾದಲ್ಲಿಯಾದರೆ ದಕ್ಷಿಣ ಗೋವಾದ ಮಕ್ಕಳ ರಕ್ಷಣಾ ಘಟಕಕ್ಕೇ ಹೋಗಿರಿ, ಶಾಲೆಯ ಬೋನಫೈಡ್ ಪತ್ರವನ್ನು ಮೊದಲು ಇಡಿರಿ. ಭಾಷೆ ತೊಡಕಾದರೆ ಅಥವಾ ಯಾರೂ ಸರಿಯಾಗಿ ಕೇಳಿಸಿಕೊಳ್ಳದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿರಿ. ಸಂಕಟದಲ್ಲಿರುವ ಮಕ್ಕಳಿಗಷ್ಟೇ ಅಲ್ಲ, ಇಂಥ ಮಾರ್ಗದರ್ಶನಕ್ಕೂ ಆ ಸಂಖ್ಯೆ ಇದೆ. ಒಂದು ಎಚ್ಚರಿಕೆ: ಮಗು ಶಾಲೆ ಬಿಟ್ಟರೆ ಈ ನೆರವು ನಿಲ್ಲುತ್ತದೆ. ಸುಗ್ಗಿಗೆಂದು ಊರಿಗೆ ಕರೆದೊಯ್ದು ತಿಂಗಳುಗಟ್ಟಲೆ ಅಲ್ಲೇ ಇರಿಸಿಕೊಳ್ಳುವುದನ್ನು ಅಜ್ಜಿ ಬಿಡಬೇಕಾಗುತ್ತದೆ. ಊರಿಗೇ ಮರಳುವುದಾದರೆ ಮೊದಲೇ ಸಮಿತಿಗೆ ತಿಳಿಸಿ, ಕಡತವನ್ನು ಬಾಗಲಕೋಟೆಯ ಸಮಿತಿಗೆ ವರ್ಗಾಯಿಸಲು ಕೇಳಿಕೊಳ್ಳಿರಿ.

ಮಾಟುಂಗಾದ ಹಿರಿಯ ಓದುಗ

ಮುಲುಂಡಿನ ಮಗಳು ಬರೆದದ್ದನ್ನು ಓದಿದೆ. ಬಳೆಯ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ಆದರೂ ಸಂಘಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಉಳಿದಿದೆ, ಅದನ್ನು ಬೇರೆ ರೀತಿಯಲ್ಲಿ ಹೇಳುತ್ತೇನೆ. ಸರ್ಕಾರದ ಆದೇಶ ಬಂದರೂ ಹಣ ಪ್ರತಿ ತಿಂಗಳೂ ಸರಿಯಾಗಿ ಬರುತ್ತದೆಯೇ?

ಥಾಣೆಯ ಸಮಾಜಕಾರ್ಯಕರ್ತೆ

ಬರುವುದಿಲ್ಲ. ಅನುದಾನ ಬಿಡುಗಡೆಯಾದಾಗ ಹಲವು ತಿಂಗಳದ್ದು ಒಟ್ಟಿಗೆ ಬರುತ್ತದೆ. ಆ ಮಧ್ಯದ ಕಾಲವೇ ಮನೆಗಳಿಗೆ ಕಷ್ಟ, ಮತ್ತು ಅದೇ ಕಾಲದಲ್ಲಿ ಶಾಲೆಯ ಶುಲ್ಕ ತುಂಬಬೇಕಿರುತ್ತದೆ.

ಮಾಟುಂಗಾದ ಹಿರಿಯ ಓದುಗ

ಹಾಗಾದರೆ ನಾನು ಹೇಳಬೇಕೆಂದಿದ್ದುದು ಅದನ್ನೇ. ನಮ್ಮ ಸಂಘಗಳು ಆಗಸ್ಟ್ ತಿಂಗಳಲ್ಲಿ ವೇದಿಕೆಯ ಮೇಲೆ ಶಾಲು ಹೊದೆಸಿ ಅಂಕಗಳ ಲೆಕ್ಕದಲ್ಲಿ ವಿದ್ಯಾರ್ಥಿವೇತನ ಕೊಡುತ್ತವೆ. ತಂದೆಯನ್ನು ಕಳೆದುಕೊಂಡ ವರ್ಷ ಯಾವ ಮಗುವಿಗೆ ಎಂಬತ್ತೈದು ಪ್ರತಿಶತ ಅಂಕ ಬರುತ್ತದೆ? ಸಮಿತಿಯ ಆದೇಶ ಇರುವ ಮಕ್ಕಳಿಗೆ ಅಂಕ ನೋಡದೆ ಜೂನ್ ತಿಂಗಳಲ್ಲೇ ಶುಲ್ಕವನ್ನು ನೇರವಾಗಿ ಶಾಲೆಗೆ ಕಟ್ಟುವ ಪದ್ಧತಿಯನ್ನು ನಾನು ಸದಸ್ಯನಾಗಿರುವ ಸಂಘದ ಮುಂದಿನ ಸಭೆಯಲ್ಲಿ ಪ್ರಸ್ತಾಪಿಸುತ್ತೇನೆ. ಭಾಂಡುಪ್‌ನವರು ಯಾವ ಜಿಲ್ಲೆಯವರಾದರೂ ಸರಿ, ತಮ್ಮ ಊರಿನ ಸಂಘಕ್ಕೆ ಈಗಲೇ ಒಂದು ಅರ್ಜಿ ಬರೆಯಿರಿ.

ಭಾಂಡುಪ್‌ನ ಸೋದರಮಾವ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಭಾವನವರ ಪಗಾರ ಚೀಟಿಗಳನ್ನು ಹುಡುಕಿದೆವು, ಪಿ.ಎಫ್. ಕಡಿತವಾಗಿರುವುದು ಅದರಲ್ಲಿದೆ. ವಿಮೆಯ ವಿಷಯ ನಮಗೆ ಗೊತ್ತೇ ಇರಲಿಲ್ಲ. ಖೋಲಿಯನ್ನು ಕೊಳ್ಳಲು ನೆರೆಯವರೊಬ್ಬರು ಕೇಳುತ್ತಿದ್ದರು, ಇಲ್ಲವೆಂದು ಹೇಳಿಬಿಟ್ಟೆ. ಮುಂದಿನ ವಾರ ರಜೆ ಹಾಕಿ ಉಪನಗರ ಜಿಲ್ಲೆಯ ಕಚೇರಿಗೆ ಹೋಗುವವನಿದ್ದೇನೆ. ಒಂದೇ ಸಂದೇಹ ಉಳಿದಿದೆ. ಮೊದಲ ಭೇಟಿಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಕೇ? ಹುಡುಗಿ ಬಹಳ ಮೌನವಾಗಿದ್ದಾಳೆ, ಅಪರಿಚಿತರ ಮುಂದೆ ತಂದೆಯ ವಿಷಯ ಕೇಳಿದರೆ ಅಳುತ್ತಾಳೆ.

ಥಾಣೆಯ ಸಮಾಜಕಾರ್ಯಕರ್ತೆ

ಮೊದಲ ಭೇಟಿಗೆ ತಾವೊಬ್ಬರೇ ಕಾಗದಗಳೊಂದಿಗೆ ಹೋದರೆ ಸಾಕು. ಸಮಿತಿಯ ಮುಂದೆ ಬರುವ ದಿನ ಮಾತ್ರ ಮಕ್ಕಳಿರಬೇಕು, ಏಕೆಂದರೆ ಎಲ್ಲಿ, ಯಾರೊಂದಿಗೆ ಇರಲು ಇಷ್ಟ ಎಂದು ಅವರನ್ನೇ ಕೇಳುತ್ತಾರೆ. ಹದಿಮೂರು ವರ್ಷದ ಹುಡುಗಿಯ ಮಾತಿಗೆ ಅಲ್ಲಿ ತೂಕವಿದೆ. ಯಾವ ಕಚೇರಿಗೆ ಹೋಗುತ್ತಿದ್ದೇವೆ, ಏನು ಕೇಳಬಹುದು, ಬರುವ ಹಣ ಅವಳ ಮತ್ತು ತಮ್ಮನ ಖಾತೆಗೇ ಹೋಗುತ್ತದೆ ಎಂಬುದನ್ನು ಹಿಂದಿನ ದಿನವೇ ಅವಳ ಅತ್ತೆಯವರು ಕುಳಿತು ಹೇಳಲಿ. ಮರಾಠಿಯಲ್ಲಿ ಉತ್ತರಿಸಲು ಸಂಕೋಚವಾದರೆ ಕನ್ನಡದಲ್ಲೇ ಹೇಳಲಿ, ಭಾಷಾಂತರಕ್ಕೆ ಜನರನ್ನು ಕರೆಸಿಕೊಳ್ಳುವ ಅವಕಾಶ ಸಮಿತಿಗಿದೆ. ಸದಸ್ಯರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕೆಂಬ ನಿಯಮವಿದೆ, ಅವರೊಂದಿಗೆ ಮಾತ್ರ ಮಾತಾಡುತ್ತೇನೆಂದು ಅವಳು ಹೇಳಿದರೂ ತಪ್ಪಿಲ್ಲ. ದಿನಾಂಕ ಸಿಕ್ಕ ಮೇಲೆ ಇಲ್ಲಿ ತಿಳಿಸಿರಿ.